ಕತ್ತಿವರಸೆಯ ಮಕ್ಕಳಿಗೂ ವಿದ್ಯಾರ್ಥಿವೇತನ

 

ಶಾಲೆಯಲ್ಲಿ ಫೆನ್ಸಿಂಗ್, ಅಂದರೆ ಕತ್ತಿವರಸೆ ಆಡುವ ಮಕ್ಕಳಿಗೆ ನೆರವು ಏಕೆಂದು ಕೆಲವರು ಕೇಳಿದ್ದೀರಿ. ಚೆನ್ನೈನ ಭವಾನಿ ದೇವಿ 2004ರಲ್ಲಿ ಇದನ್ನು ಶಾಲೆಯಲ್ಲೇ ಆರಂಭಿಸಿದರು, ಬಿದಿರಿನ ಕೋಲು ಹಿಡಿದು. ಒಲಿಂಪಿಕ್ಸ್‌ನಲ್ಲಿ ಆಡಿದ ಭಾರತದ ಮೊದಲ ಫೆನ್ಸರ್ ಅವರೇ. ಅಮೆರಿಕದ ಇಬ್ತಿಹಾಜ್ ಮುಹಮ್ಮದ್ ಕೂಡ ಶಾಲೆಯಲ್ಲೇ ಕಲಿತವರು. ಮೈತುಂಬ ಮುಚ್ಚುವ ಉಡುಪು ಮನೆಯವರಿಗೆ ಹಿಡಿಸಿತ್ತು. ಹಿಜಾಬ್ ಧರಿಸಿಯೇ 2016ರ ರಿಯೊದಲ್ಲಿ ತಂಡದೊಡನೆ ಕಂಚು ಗೆದ್ದರು. ಹೆಣ್ಣುಮಕ್ಕಳನ್ನು ಆಟಕ್ಕೆ ಕಳಿಸಲು ಹಿಂಜರಿಯುವ ಪೋಷಕರು ಇದನ್ನು ಗಮನಿಸಬೇಕು.

ತೊಡಕಿರುವುದು ಖರ್ಚಿನಲ್ಲಿ. ಒಂದು ಚೆಂಡಿದ್ದರೆ ಇಡೀ ಓಣಿ ಆಡಬಹುದು. ಇಲ್ಲಿ ಪ್ರತಿಯೊಬ್ಬರಿಗೂ ಮುಖಕವಚ, ಜಾಕೆಟ್, ಕೈಗವಸು, ಕತ್ತಿ ಬೇಕು. ಬೆಳೆಯುವ ಮಕ್ಕಳಿಗೆ ಜಾಕೆಟ್ ಬೇಗ ಚಿಕ್ಕದಾಗುತ್ತದೆ ಬೇರೆ! ಆದ್ದರಿಂದ ಈ ಸಾಲಿನಿಂದ ಶುಲ್ಕದ ಜೊತೆ ಕ್ರೀಡಾ ಸಲಕರಣೆಗೂ ಅರ್ಜಿ ಪಡೆಯುತ್ತೇವೆ. ಮುಖ್ಯಶಿಕ್ಷಕರ ಸಹಿ ಇದ್ದರೆ ಸಾಕು, ಪದಕ ಕೇಳುವುದಿಲ್ಲ.