ತಂತ್ರಾಂಶದಿಂದ ಭಾಷೆ ಕಲಿಯಲು ಎಷ್ಟು ಕಾಲ ಬೇಕು?



ನಿಮ್ಮಲ್ಲಿ ಕೆಲವರಾದರೂ ಮೊಬೈಲಿನಲ್ಲೋ ಕಂಪ್ಯೂಟರಿನಲ್ಲೋ ಒಂದು ಹೊಸ ಭಾಷೆಯನ್ನು ಕಲಿಯಲು ತೊಡಗಿರಬಹುದು. ಎಂಜಿನಿಯರಿಂಗ್ ಮುಗಿಸಿ ಜರ್ಮನಿಯಲ್ಲಿ ಉನ್ನತ ವ್ಯಾಸಂಗ ಮಾಡಬೇಕೆಂಬುದು ಒಬ್ಬರ ಆಸೆ. ನರ್ಸಿಂಗ್ ಮುಗಿಸಿ ಅಲ್ಲಿನ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಬೇಕೆಂಬುದು ಇನ್ನೊಬ್ಬರ ಆಸೆ. ಜರ್ಮನ್ ಕಲಿಸುವ ತರಗತಿ ಎಲ್ಲ ಊರುಗಳಲ್ಲೂ ಇಲ್ಲ. ಇದ್ದ ಕಡೆ ಶುಲ್ಕ ಕೈಗೆ ಎಟುಕುವುದಿಲ್ಲ. ಆದುದರಿಂದ ಅನೇಕರು ತಂತ್ರಾಂಶವನ್ನೇ ಗುರುವೆಂದು ನಂಬಿ ಹೊರಡುತ್ತಾರೆ. ಆಗ ಸಹಜವಾಗಿಯೇ ಒಂದು ಪ್ರಶ್ನೆ ಏಳುತ್ತದೆ: ಹೀಗೆ ಸ್ವಂತವಾಗಿ ಕಲಿತರೆ ಎಷ್ಟು ಕಾಲ ಹಿಡಿಯುತ್ತದೆ?

ಜಾಹೀರಾತುಗಳನ್ನು ಕೇಳಿದರೆ 30 ದಿನ ಎನ್ನುತ್ತವೆ, ಹೆಚ್ಚೆಂದರೆ 3 ತಿಂಗಳು ಎನ್ನುತ್ತವೆ. ಇದನ್ನು ನಂಬಿದ ವಿದ್ಯಾರ್ಥಿಗೆ 3 ತಿಂಗಳ ನಂತರ ಜರ್ಮನ್ ವಾರ್ತೆಯ ಒಂದು ವಾಕ್ಯವೂ ತಿಳಿಯದೆ ಹೋದಾಗ, ‘ನನಗೆ ಭಾಷೆ ಹತ್ತುವುದಿಲ್ಲ, ನಾನು ದಡ್ಡ’ ಎಂಬ ತೀರ್ಮಾನಕ್ಕೆ ಬಂದುಬಿಡುತ್ತಾನೆ. ಎಷ್ಟೋ ಒಳ್ಳೆಯ ವಿದ್ಯಾರ್ಥಿಗಳು ಕಲಿಕೆಯನ್ನು ಕೈಬಿಡುವುದು ಇಲ್ಲಿಯೇ. ಲೆಕ್ಕ ಮೊದಲೇ ತಿಳಿದಿದ್ದರೆ ಈ ನಿರಾಶೆಗೆ ಎಡೆಯಿರುವುದಿಲ್ಲ. ಜರ್ಮನ್ ಭಾಷೆಯನ್ನೇ ಉದಾಹರಣೆಯಾಗಿಟ್ಟುಕೊಂಡು ಆ ಲೆಕ್ಕವನ್ನು ನೋಡೋಣ.

ಮೊದಲು, ‘ಕಲಿಯುವುದು’ ಎಂದರೇನು ಎಂಬುದನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಅಂಗಡಿಯಲ್ಲಿ ಬೆಲೆ ಕೇಳುವಷ್ಟು ಕಲಿಯುವುದು ಒಂದು. ರೋಗಿ ತನ್ನ ನೋವನ್ನು ಹೇಳಿಕೊಂಡಾಗ ಅರ್ಥಮಾಡಿಕೊಂಡು ವೈದ್ಯರಿಗೆ ವರದಿ ಬರೆಯುವಷ್ಟು ಕಲಿಯುವುದು ಮತ್ತೊಂದು. ಇದಕ್ಕಾಗಿಯೇ ಯೂರೋಪ್ ಪರಿಷತ್ತು 2001ರಲ್ಲಿ ಭಾಷಾ ಕಲಿಕೆಯನ್ನು 6 ಮೆಟ್ಟಿಲುಗಳಾಗಿ ವಿಂಗಡಿಸಿ ಪ್ರಕಟಿಸಿತು. ಎ-1, ಎ-2 ಆರಂಭದ ಮೆಟ್ಟಿಲುಗಳು. ಬಿ-1, ಬಿ-2 ಸ್ವತಂತ್ರವಾಗಿ ವ್ಯವಹರಿಸಬಲ್ಲವರ ಮೆಟ್ಟಿಲುಗಳು. ಸಿ-1, ಸಿ-2 ಪ್ರೌಢ ಮಟ್ಟದವು. ಜರ್ಮನಿಯಲ್ಲಿ ದಾದಿಯಾಗಿ ಕೆಲಸ ಮಾಡಲು ಸಾಮಾನ್ಯವಾಗಿ ಬಿ-2 ಮಟ್ಟವನ್ನು ಕೇಳುತ್ತಾರೆ. ನೀವು ಏರಬೇಕಾದ ಮೆಟ್ಟಿಲು ಯಾವುದು ಎಂಬುದನ್ನು ತಿಳಿಯದೆ ಕಾಲದ ಪ್ರಶ್ನೆಗೆ ಉತ್ತರವಿಲ್ಲ.

ಇನ್ನು ಗಂಟೆಗಳ ಲೆಕ್ಕ. ನಮ್ಮ ದೇಶದಲ್ಲಿ ಮ್ಯಾಕ್ಸ್ ಮುಲ್ಲರ್ ಭವನವೆಂದು ಹೆಸರಾದ ಗಯಟೆ ಸಂಸ್ಥೆ ಬೆಂಗಳೂರಿನಲ್ಲಿಯೂ ಜರ್ಮನ್ ಕಲಿಸುತ್ತದೆ. 45 ನಿಮಿಷದ ಒಂದು ಪಾಠವನ್ನು ಅಳತೆಯಾಗಿ ಇಟ್ಟುಕೊಂಡರೆ, ಆ ಸಂಸ್ಥೆಯ ಅಂದಾಜಿನಂತೆ ಎ-1 ಮುಗಿಸಲು 80ರಿಂದ 200 ಪಾಠಗಳು, ಬಿ-1 ಮುಟ್ಟಲು ಒಟ್ಟು 350ರಿಂದ 650 ಪಾಠಗಳು, ಬಿ-2 ಮುಟ್ಟಲು ಒಟ್ಟು 600ರಿಂದ 800 ಪಾಠಗಳು ಬೇಕಾಗುತ್ತವೆ. 600 ಪಾಠಗಳೆಂದರೆ 450 ಗಂಟೆಗಳಾದವು. ಮನೆಯಲ್ಲಿ ಮಾಡುವ ಅಭ್ಯಾಸ ಇದರಲ್ಲಿ ಸೇರಿಲ್ಲ.

ಮತ್ತೊಂದು ಅಳತೆಯನ್ನೂ ನೋಡಬಹುದು. ಅಮೆರಿಕ ಸರ್ಕಾರ ತನ್ನ ರಾಜತಾಂತ್ರಿಕರಿಗೆ ಭಾಷೆ ಕಲಿಸಲು ಒಂದು ಸಂಸ್ಥೆಯನ್ನು ನಡೆಸುತ್ತಿದೆ. ಅಲ್ಲಿ ಬೆಳಗಿನಿಂದ ಸಂಜೆಯವರೆಗೆ ಭಾಷೆಯದೇ ಕೆಲಸ. ಇಂಗ್ಲಿಷ್ ಮಾತೃಭಾಷೆಯವರಿಗೆ ಅಲ್ಲಿ ಜರ್ಮನ್ ಕಲಿಸಲು ಸುಮಾರು 36 ವಾರಗಳು, ಹಿಂದಿಗೆ ಸುಮಾರು 44 ವಾರಗಳು, ಜಪಾನಿ, ಚೀನಿ, ಅರಬ್ಬಿ ಭಾಷೆಗಳಿಗೆ 88 ವಾರಗಳು ಬೇಕಾಗುತ್ತವೆ. ಈ ಕೊನೆಯ ಗುಂಪಿಗೆ ತರಗತಿಯ ಅವಧಿಯೇ 2,200 ಗಂಟೆ. ಸಂಬಳ ಪಡೆದು, ಅಧ್ಯಾಪಕರ ಮುಂದೆ ಕುಳಿತು ಕಲಿಯುವವರಿಗೇ ಇಷ್ಟು ಕಾಲ ಬೇಕಾದರೆ, 30 ದಿನದ ಭರವಸೆಯ ಬೆಲೆ ಎಷ್ಟೆಂದು ನೀವೇ ಊಹಿಸಬಹುದು.

ಈಗ ಒಂದು ಕಾಗದ ತೆಗೆದುಕೊಂಡು ನನ್ನೊಂದಿಗೆ ಲೆಕ್ಕ ಹಾಕಿ. ಬಿ-2ಕ್ಕೆ ಕನಿಷ್ಠ 450 ಗಂಟೆ ಎಂದಿಟ್ಟುಕೊಳ್ಳೋಣ. ದಿನಕ್ಕೆ 2 ಗಂಟೆ ಕಲಿತರೆ ಏಳೂವರೆ ತಿಂಗಳು. ದಿನಕ್ಕೆ 1 ಗಂಟೆಯಾದರೆ 15 ತಿಂಗಳು. ದಿನಕ್ಕೆ 20 ನಿಮಿಷವಾದರೆ 1,350 ದಿನಗಳು, ಎಂದರೆ 3 ವರ್ಷ 8 ತಿಂಗಳು. ಕೆಲವು ತಂತ್ರಾಂಶಗಳು ಒಂದು ದಿನವೂ ತಪ್ಪದೆ ಬಂದವರಿಗೆ ದಿನಗಳ ಸರಪಳಿಯನ್ನು ತೋರಿಸಿ ಬೆನ್ನು ತಟ್ಟುತ್ತವೆ. ಅದು ಒಳ್ಳೆಯದೇ. ಆದರೆ ದಿನಕ್ಕೆ 5 ನಿಮಿಷದಂತೆ 365 ದಿನ ಸರಪಳಿ ಕಾಪಾಡಿದರೂ ಒಟ್ಟಾಗುವುದು ಸುಮಾರು 30 ಗಂಟೆ ಮಾತ್ರ. ದಿನಗಳನ್ನು ಎಣಿಸಿದರೆ ವರ್ಷವಾಯಿತು. ಗಂಟೆಗಳನ್ನು ಎಣಿಸಿದರೆ ಎ-1 ಮೆಟ್ಟಿಲೂ ಮುಗಿದಿಲ್ಲ.

ಹಾಗಾದರೆ ತಂತ್ರಾಂಶದಿಂದ ಪ್ರಯೋಜನವಿಲ್ಲವೇ? ಖಂಡಿತ ಇದೆ. 1885ರಲ್ಲಿ ಜರ್ಮನ್ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಮರೆವು ಹೇಗೆ ನಡೆಯುತ್ತದೆಂದು ಅಳೆದು ಪ್ರಕಟಿಸಿದ. ಕಲಿತದ್ದರಲ್ಲಿ ಬಹುಪಾಲು ಮೊದಲ ಒಂದೆರಡು ದಿನಗಳಲ್ಲಿಯೇ ಜಾರಿಹೋಗುತ್ತದೆ. ಉಳಿದದ್ದು ನಿಧಾನವಾಗಿ ಜಾರುತ್ತದೆ. ಆದುದರಿಂದ ಒಂದು ಪದವನ್ನು ಒಂದೇ ದಿನ 20 ಸಲ ಉರುಹೊಡೆಯುವುದಕ್ಕಿಂತ ಇಂದು, ನಾಳೆ, 4 ದಿನ ಬಿಟ್ಟು, 10 ದಿನ ಬಿಟ್ಟು ನೆನಪಿಸಿಕೊಳ್ಳುವುದು ಮೇಲು. 1972ರಲ್ಲಿ ಸೆಬಾಸ್ಟಿಯನ್ ಲೈಟ್ನರ್ ಎಂಬ ಲೇಖಕ ಇದಕ್ಕಾಗಿ ಚೀಟಿಗಳ ಪೆಟ್ಟಿಗೆಯ ವಿಧಾನವೊಂದನ್ನು ವಿವರಿಸಿದ. ಸರಿಯಾಗಿ ಹೇಳಿದ ಪದದ ಚೀಟಿ ಮುಂದಿನ ಖಾನೆಗೆ ಹೋಗುತ್ತದೆ, ತಪ್ಪಿದ ಚೀಟಿ ಮೊದಲ ಖಾನೆಗೆ ಮರಳುತ್ತದೆ. 1987ರಲ್ಲಿ ಪೋಲೆಂಡಿನ ಪಿಯೋತ್ರ್ ವೋಜ್ನಿಯಾಕ್ ಈ ಅಂತರದ ಲೆಕ್ಕವನ್ನು ಕಂಪ್ಯೂಟರಿಗೇ ವಹಿಸಿದ. ಇಂದಿನ ಅನೇಕ ತಂತ್ರಾಂಶಗಳ ಹಿಂದೆ ಇರುವುದು ಇದೇ ತತ್ವ.

ಬಿ-1 ಪರೀಕ್ಷೆಯ ಪದಪಟ್ಟಿಯಲ್ಲಿ ಸುಮಾರು 2,400 ಪದಗಳಿವೆ. ದಿನಕ್ಕೆ 10 ಹೊಸ ಪದಗಳಂತೆ ಕಲಿತರೆ 8 ತಿಂಗಳಲ್ಲಿ ಪಟ್ಟಿ ಮುಗಿಯುತ್ತದೆ. ಯಾವ ಪದವನ್ನು ಯಾವ ದಿನ ಮತ್ತೆ ಕೇಳಬೇಕೆಂಬುದನ್ನು ಯಂತ್ರ ಬೇಸರವಿಲ್ಲದೆ ನೆನಪಿಟ್ಟುಕೊಳ್ಳುತ್ತದೆ. ಒಂದೇ ವಾಕ್ಯವನ್ನು ನೂರು ಸಲ ಕೇಳಿಸು ಎಂದರೂ ಸಿಡುಕುವುದಿಲ್ಲ. ತಪ್ಪು ಮಾಡಿದರೆ ಪಕ್ಕದ ಬೆಂಚಿನವರು ನಗುತ್ತಾರೆಂಬ ಅಂಜಿಕೆಯೂ ಇಲ್ಲ.

ಆದರೆ ಯಂತ್ರ ಮಾಡಲಾಗದ ಕೆಲಸವೊಂದಿದೆ. 2011ರಲ್ಲಿ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಕ್ಯಾಥರಿನ್ ನೀಲ್ಸನ್ ಒಂದು ಅಧ್ಯಯನ ಪ್ರಕಟಿಸಿದರು. ಸರ್ಕಾರಿ ನೌಕರರಲ್ಲಿ ತಾವಾಗಿಯೇ ಮುಂದೆ ಬಂದವರಿಗೆ ಭಾಷೆ ಕಲಿಸುವ ತಂತ್ರಾಂಶಗಳನ್ನು ಕೊಟ್ಟು, ಅವರು ಹೇಗೆ ಕಲಿಯುತ್ತಾರೆಂದು ನೋಡಲಾಯಿತು. ಅಲ್ಲಿ ಎದ್ದು ಕಂಡ ಸಂಗತಿ ಭಾಷೆಯ ಮಟ್ಟದ್ದಲ್ಲ. ಬಹುತೇಕ ಮಂದಿ ಬೇಗನೆ ಬಿಟ್ಟುಬಿಟ್ಟರು, ಕೊನೆ ಮುಟ್ಟಿದವರು ತೀರ ವಿರಳ. ತಾಂತ್ರಿಕ ತೊಡಕುಗಳೂ, ಸಂದೇಹ ಬಂದಾಗ ಕೇಳಲು ಯಾರೂ ಇಲ್ಲದ ಸ್ಥಿತಿಯೂ ಇದಕ್ಕೆ ಕಾರಣಗಳಾಗಿದ್ದವು. ತಂತ್ರಾಂಶ ಕೆಟ್ಟದ್ದೆಂದಾಗಲಿ, ಅವರು ದಡ್ಡರೆಂದಾಗಲಿ ಇದರ ಅರ್ಥವಲ್ಲ. ‘ನಿನ್ನೆ ಏಕೆ ಬರಲಿಲ್ಲ?’ ಎಂದು ಕೇಳುವ ಒಂದು ಜೀವವಿಲ್ಲದೆ 450 ಗಂಟೆ ಒಂಟಿಯಾಗಿ ಕುಳಿತು ಕಲಿಯುವುದು ಕಷ್ಟವೆಂದಷ್ಟೇ ಅರ್ಥ.

ಇನ್ನೊಂದು ಅಂಶವನ್ನು ನೀವು ಗಮನಿಸಬೇಕು. ಕಾಲದ ಲೆಕ್ಕ ನಿಮ್ಮ ಮಾತೃಭಾಷೆಯನ್ನೂ ಅವಲಂಬಿಸಿದೆ. ಕನ್ನಡಿಗರಿಗೆ ಜರ್ಮನ್ ಕೆಲವೆಡೆ ಕಷ್ಟ, ಕೆಲವೆಡೆ ಸುಲಭ. ನಮ್ಮಲ್ಲಿ ಗಂಡಸು ಪುಲ್ಲಿಂಗ, ಹೆಂಗಸು ಸ್ತ್ರೀಲಿಂಗ, ಮೇಜು ನಪುಂಸಕಲಿಂಗ. ಜರ್ಮನ್ನಿನಲ್ಲಿ ಮೇಜು ಪುಲ್ಲಿಂಗ, ದೀಪ ಸ್ತ್ರೀಲಿಂಗ, ಹುಡುಗಿ ಎಂಬ ಅರ್ಥದ ಪದವೇ ನಪುಂಸಕಲಿಂಗ! ಪ್ರತಿ ನಾಮಪದದೊಡನೆ ಅದರ ಲಿಂಗವನ್ನೂ ಬಾಯಿಪಾಠ ಮಾಡಬೇಕು, ಬೇರೆ ದಾರಿಯಿಲ್ಲ. ಆದರೆ ನಾವು ‘ನನಗೆ ಚಳಿ’ ಎನ್ನುವಂತೆಯೇ ಜರ್ಮನರು ‘ಮೀರ್ ಇಸ್ಟ್ ಕಾಲ್ಟ್’ ಎನ್ನುತ್ತಾರೆ. ಆ ‘ಮೀರ್’ ಎಂದರೆ ‘ನನಗೆ’. ಇಂಗ್ಲಿಷಿನವರು ಇಲ್ಲಿ ‘ನಾನು’ ಎಂದೇ ಆರಂಭಿಸುತ್ತಾರೆ. ಜರ್ಮನ್ ಅಧೀನ ವಾಕ್ಯಗಳಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ನಮಗೆ ಅದು ಹುಟ್ಟಿನಿಂದ ಬಂದ ರೂಢಿ. ವಿಭಕ್ತಿಗಳನ್ನು ಶಾಲೆಯಲ್ಲಿ ಕಲಿತ ಕನ್ನಡ ವಿದ್ಯಾರ್ಥಿಗೆ ಜರ್ಮನ್ನಿನ 4 ವಿಭಕ್ತಿಗಳು ಹೆದರಿಸುವಂಥವಲ್ಲ. ತಂತ್ರಾಂಶದ ಪಾಠಗಳು ಹೆಚ್ಚಾಗಿ ಇಂಗ್ಲಿಷಿನ ಮೂಲಕವೇ ವಿವರಿಸುವುದರಿಂದ ಈ ಅನುಕೂಲ ನಿಮಗೆ ಕಾಣದೆ ಹೋಗುತ್ತದೆ. ಆದುದರಿಂದ ಒಂದು ನೋಟುಪುಸ್ತಕವಿಟ್ಟು, ಪ್ರತಿ ಹೊಸ ವಾಕ್ಯದ ಪಕ್ಕದಲ್ಲಿ ಅದರ ಕನ್ನಡ ರೂಪವನ್ನು ಬರೆದುಕೊಳ್ಳಿ.

ಹಾಗಾದರೆ ನೀವು ಏನು ಮಾಡಬೇಕು? ಮೊದಲನೆಯದಾಗಿ, ಪರೀಕ್ಷೆಯ ದಿನದಿಂದ ಹಿಂದಕ್ಕೆ ಎಣಿಸಿ. 15 ತಿಂಗಳ ನಂತರ ಬಿ-2 ಬೇಕಾಗಿದ್ದರೆ ಇಂದಿನಿಂದಲೇ ದಿನಕ್ಕೆ 1 ಗಂಟೆ ಮೀಸಲಿಡಿ. ಬಿಡುವು ಅಷ್ಟಿಲ್ಲವಾದರೆ ಪರೀಕ್ಷೆಯನ್ನು ಮುಂದಕ್ಕೆ ಹಾಕಿಕೊಳ್ಳಿ. ಸಾಲ ಮಾಡಿ ಶುಲ್ಕ ಕಟ್ಟಿ ಕಳೆದುಕೊಳ್ಳುವುದಕ್ಕಿಂತ ಅದು ಲೇಸು. ಎರಡನೆಯದಾಗಿ, ಆ ಗಂಟೆಯನ್ನು ಭಾಗಮಾಡಿ: 20 ನಿಮಿಷ ತಂತ್ರಾಂಶದಲ್ಲಿ ಪದಾಭ್ಯಾಸ, 20 ನಿಮಿಷ ಕೇಳುವುದು ಮತ್ತು ಓದುವುದು, 20 ನಿಮಿಷ ಮಾತನಾಡುವುದು ಮತ್ತು ಬರೆಯುವುದು. ಕೇಳಿದ್ದನ್ನು ಗುರುತಿಸುವುದು ಬೇರೆ, ತಾನೇ ವಾಕ್ಯ ಕಟ್ಟುವುದು ಬೇರೆ. ಬರಿಯ ಉತ್ತರ ಆರಿಸುವ ಅಭ್ಯಾಸದಿಂದ ಬಾಯಿ ಬರುವುದಿಲ್ಲ. ಮೂರನೆಯದಾಗಿ, ಜೊತೆಗೊಬ್ಬರನ್ನು ಹುಡುಕಿಕೊಳ್ಳಿ. ಕಾಲೇಜಿನಲ್ಲಿ ಇಬ್ಬರು ಮೂವರು ಸೇರಿ ವಾರಕ್ಕೆರಡು ಸಂಜೆ ಕಲಿತದ್ದನ್ನು ಮಾತನಾಡಿ. ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಇತ್ತೀಚೆಗೆ ಸಂಭಾಷಣೆಯನ್ನೂ ನಡೆಸಬಲ್ಲವು, ಬರಹವನ್ನೂ ತಿದ್ದಬಲ್ಲವು. ಅವುಗಳ ನೆರವು ಪಡೆಯಿರಿ, ಆದರೆ ಅವು ಕೊಟ್ಟ ತಿದ್ದುಪಡಿಯನ್ನು ವ್ಯಾಕರಣ ಪುಸ್ತಕದಲ್ಲಿ ಒಮ್ಮೆ ಪರೀಕ್ಷಿಸಿ.

ಜರ್ಮನಿಯಿಂದ 1853ರಲ್ಲಿ ನಮ್ಮ ನಾಡಿಗೆ ಬಂದ ಫರ್ಡಿನೆಂಡ್ ಕಿಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಹೊರಬಂದದ್ದು 1894ರಲ್ಲಿ. ನಡುವೆ 41 ವರ್ಷಗಳು ಕಳೆದಿದ್ದವು. ನಿಮ್ಮಿಂದ ನಿಘಂಟನ್ನು ಯಾರೂ ಕೇಳುತ್ತಿಲ್ಲ. ಆದರೆ ಕಿಟೆಲ್ ಕೂಡ ಕನ್ನಡ ಪಂಡಿತರ ನೆರವು ಪಡೆದೇ ಆ ಕೆಲಸ ಮಾಡಿದರೆಂಬುದನ್ನು ಮರೆಯಬೇಡಿ. ಅವರ ಬಳಿ ಇಲ್ಲದಿದ್ದ ಯಂತ್ರ ಇಂದು ನಿಮ್ಮ ಕೈಯಲ್ಲಿದೆ. ಒಂದು ಹಾಳೆಯ ಮೇಲೆ 450 ಮನೆಗಳನ್ನು ಗೆರೆ ಎಳೆದು ಗೋಡೆಗೆ ಅಂಟಿಸಿ. ಮನಸ್ಸಿಟ್ಟು ಕಲಿತ ಒಂದೊಂದು ಗಂಟೆಗೆ ಒಂದೊಂದು ಮನೆಯನ್ನು ತುಂಬಿ. ಎಷ್ಟು ದೂರ ಬಂದಿರಿ, ಇನ್ನೆಷ್ಟು ಉಳಿದಿದೆ ಎಂಬುದಕ್ಕೆ ಆ ಹಾಳೆಯೇ ಉತ್ತರ ಹೇಳುತ್ತದೆ.