ದೊಡ್ಡ ಸ್ವಾಮಿಯವರ ಸೋಲು



ಪರಂಗಿಯವರ ಆಳ್ವಿಕೆ, ಮತಾಂತರ ಎಂದ ಕೂಡಲೇ ಎಲ್ಲರ ಬಾಯಲ್ಲಿ ಬರುವುದು ಗೋವೆ. ಅಲ್ಲಿ 1560ರಿಂದ ಪೋರ್ಚುಗೀಸರ ಇನ್‌ಕ್ವಿಸಿಷನ್ ಎಂಬ ಧರ್ಮವಿಚಾರಣೆ ನಡೆಯಿತು. ಹೇಳಿದ್ದನ್ನು ಒಪ್ಪದವರಿಗೆ ಸೆರೆ, ಕೆಲವರಿಗೆ ಬೆಂಕಿ. ಹಾಸನ ಸೀಮೆಯಲ್ಲಿ ನಡೆದದ್ದು ಬೇರೆ ಕಥೆ. ಆ ಕಥೆಯ ನಾಯಕರೇ ಕೊನೆಗೆ ತಾವು ಸೋತೆವೆಂದು ಬರೆದಿಟ್ಟು ಹೋದರು.

1799ರ ಮೇ 4ರಂದು ಶ್ರೀರಂಗಪಟ್ಟಣ ಇಂಗ್ಲಿಷರ ಕೈಸೇರಿತು. 1784ರಲ್ಲಿ ಟಿಪ್ಪು ಕರಾವಳಿಯಿಂದ ಸೆರೆಹಿಡಿದು ತಂದ ಕ್ರೈಸ್ತರಲ್ಲಿ ಬಹಳ ಮಂದಿಯನ್ನು ಬಲವಂತವಾಗಿ ಇಸ್ಲಾಮಿಗೆ ಸೇರಿಸಲಾಗಿತ್ತು. ಚದುರಿಹೋದ ಕ್ರೈಸ್ತರನ್ನು ಮತ್ತೆ ಕೂಡಿಸಲು ಬಂದವರು ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್. ಅಂದರೆ ಹೊಸ ದೊರೆತನದ ಕೆಳಗೆ ಅವರಿಗೆ ಬಂದ ಮೊದಲ ಕೆಲಸ ಹೊಸಬರನ್ನು ಸೇರಿಸುವುದಲ್ಲ, ಕಳೆದುಹೋದವರನ್ನು ಹಿಂದಕ್ಕೆ ಕರೆಯುವುದು. ಕ್ರಾಂತಿಯ ಕಾಲದಲ್ಲಿ, 1792ರಲ್ಲಿ, ಫ್ರಾನ್ಸ್ ಬಿಟ್ಟು ಬಂದ ಮನುಷ್ಯ ಫ್ರಾನ್ಸಿನ ಶತ್ರುಗಳಾದ ಇಂಗ್ಲಿಷರ ನೆರಳಲ್ಲಿ ನಿಂತು ಈ ಕೆಲಸ ಮಾಡಿದರು!

ಉದ್ದ ನಿಲುವಂಗಿ, ತಲೆಗೆ ರುಮಾಲು, ಊಟ ನಮ್ಮವರದೇ ರೀತಿ. ಜನ ಅವರನ್ನು ದೊಡ್ಡ ಸ್ವಾಮಿಯವರು ಎಂದರು. ಸಿಡುಬಿನ ಲಸಿಕೆಯನ್ನು ಮೈಸೂರು ಸೀಮೆಯಲ್ಲಿ ಹಬ್ಬಿಸಿದರು. 1803-04ರಲ್ಲಿ 25,432 ಜನರಿಗೆ ಹಾಕಿಸಿದ ಲೆಕ್ಕವಿದೆ. ಹಾಸನದ ಹತ್ತಿರ ಸಾತಹಳ್ಳಿಯಲ್ಲಿ ಬೇಸಾಯ ಮಾಡುವ ಕ್ರೈಸ್ತ ಒಕ್ಕಲುಗಳನ್ನು ನೆಲೆಗೊಳಿಸಿದರು. ನೇಗಿಲು ಹಿಡಿದವನಿಗೆ ಹಿಡಿ ಜಮೀನಿರಲಿ ಎಂಬ ಲೆಕ್ಕಾಚಾರ. ನನಗೆ ಅವರ ಉಪದೇಶಗಳಿಗಿಂತ ಇದೇ ಹೆಚ್ಚು ಬುದ್ಧಿವಂತಿಕೆಯ ಕೆಲಸವಾಗಿ ಕಾಣುತ್ತದೆ.

ಇನ್ನೊಂದು ಮುಖವೂ ಉಂಟು. ನಮ್ಮವರ ಆಚಾರ ವಿಚಾರಗಳ ಮೇಲೆ ಅವರು ಬರೆದ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿ 2,000 ವರಹ ಕೊಟ್ಟು ಕೊಂಡುಕೊಂಡಿತು. 1816ರಲ್ಲಿ ಇಂಗ್ಲಿಷಿಗೆ ತಂದಿತು. ಆಳುವವರಿಗೆ ಆಳಿಸಿಕೊಳ್ಳುವವರ ಮನೆಯೊಳಗಿನ ಸಂಗತಿ ಬೇಕಿತ್ತು. ಬ್ರಾಹ್ಮಣರ ಬಗ್ಗೆ, ಕೆಳಜಾತಿಗಳ ಬಗ್ಗೆ ಅದರಲ್ಲಿರುವ ಎಷ್ಟೋ ಮಾತುಗಳಲ್ಲಿ ತಾತ್ಸಾರ ಎದ್ದು ಕಾಣುತ್ತದೆ. ಸಾಲದ್ದಕ್ಕೆ, ಆ ಪುಸ್ತಕದ ಬಹುಭಾಗ ಪುದುಚೇರಿಯ ಜೆಸ್ಯೂಟ್ ಪಾದ್ರಿ ಕೂರ್ದೂ ಬರೆದಿಟ್ಟಿದ್ದ ಸಾಮಗ್ರಿ ಎಂದು 1987ರಲ್ಲಿ ಸಿಲ್ವಿಯಾ ಮುರ್ ಎಂಬ ವಿದ್ವಾಂಸೆ ತೋರಿಸಿಕೊಟ್ಟರು.

1823ರ ಜನವರಿಯಲ್ಲಿ ದುಬಾಯ್ ಊರಿಗೆ ಹೊರಟರು. ಅದೇ ವರ್ಷ ಲಂಡನ್ನಿನಲ್ಲಿ ಅವರ ಪತ್ರಗಳು ಅಚ್ಚಾದವು. ಇಪ್ಪತ್ತೈದು ವರ್ಷ ದುಡಿದರೂ ಸೇರಿದವರು ಇನ್ನೂರು ಮುನ್ನೂರು ಜನ, ಅವರಲ್ಲೂ ಹೆಚ್ಚಿನವರು ಹೊಲೆಗೇರಿಯವರು, ತಿರಿದುಣ್ಣುವವರು. ಹಿಂದೂಗಳನ್ನು ಮತಾಂತರಿಸುವುದು ಆಗದ ಮಾತು ಎಂಬುದು ಅವುಗಳ ಸಾರ. ಪ್ರಾಟೆಸ್ಟೆಂಟರು ಕೆರಳಿದರು. ಜೇಮ್ಸ್ ಹಫ್ ಎಂಬ ಪಾದ್ರಿ ಉತ್ತರವಾಗಿ ಒಂದು ಪುಸ್ತಕವನ್ನೇ ಬರೆದರು. ಸೋಲಿಗೆ ದುಬಾಯ್ ಕೊಟ್ಟ ಕಾರಣಗಳಲ್ಲಿ ಒಂದು, ಜಾತಿಯ ಆಚಾರಗಳೊಡನೆ ಹೊಂದಿಕೊಂಡು ಹೋಗುತ್ತಿದ್ದ ಜೆಸ್ಯೂಟರ ಪದ್ಧತಿಗೆ 1744ರಲ್ಲಿ ಪೋಪ್ ಹಾಕಿದ ತಡೆ. ಎಂದರೆ ಜಾತಿಯನ್ನು ಬಿಡದೆ ಧರ್ಮ ಬದಲಿಸಲು ಜನ ಒಪ್ಪಿದರು, ಜಾತಿ ಬಿಡಿ ಎಂದಾಗ ಹಿಂದೆ ಸರಿದರು. ಆಮೇಲೆ ಮಿಷನ್ನಿನವರು ಎಷ್ಟು ಹೇಳಿದರೂ ಹಳ್ಳಿಯ ಕ್ರೈಸ್ತರಲ್ಲಿ ಜಾತಿಯ ಗೆರೆ ಪೂರ್ತಿ ಅಳಿಯಲಿಲ್ಲ. ಕೆಳಗೇರಿಯವನಿಗೆ ಹೊಸ ಹೆಸರು ಸಿಕ್ಕರೂ ಪಂಕ್ತಿ ಸುಲಭವಾಗಿ ಸಿಗಲಿಲ್ಲ.

ಸೋತೆವೆಂದು ಅವರು ಬರೆದರೂ ಒಕ್ಕಲುಗಳು ಉಳಿದವು. ಅವರ ಹಿಂದೆ ಬಂದ ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಅದೇ ಸೀಮೆಯ ಶೆಟ್ಟಿಹಳ್ಳಿಯಲ್ಲಿ ಚರ್ಚು ಕಟ್ಟಿಸಿದರು. ಅಲ್ಲಿಯ ಜನರನ್ನು ಎಬ್ಬಿಸಿದ್ದು ಪಾದ್ರಿಯೂ ಅಲ್ಲ, ಕಂಪನಿಯೂ ಅಲ್ಲ, 1979ರಲ್ಲಿ ಮುಗಿದ ಗೊರೂರಿನ ಹೇಮಾವತಿ ಅಣೆಕಟ್ಟು. ಅದರ ನಾಲೆಗಳು ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು ಕಡೆಯ ಗದ್ದೆಗಳಿಗೆ ನೀರುಣಿಸುತ್ತವೆ. ಹಿನ್ನೀರಿಗೆ ಹೊಲ ಬಿಟ್ಟುಕೊಟ್ಟವರಲ್ಲಿ ಎಲ್ಲ ಮತದವರೂ ಇದ್ದರು. ಹಿನ್ನೀರಲ್ಲಿ ನಿಂತ ಆ ಚರ್ಚಿನ ಗೋಡೆಯ ಫೋಟೊ ತೆಗೆಯಲು ಬರುವವರಲ್ಲಿ ಊರಿನ ಜನ ಎಲ್ಲಿ ಹೋದರೆಂದು ಕೇಳುವವರು ಕಡಿಮೆ.