ವೇಗವೂ ದೋಷವೂ

ತಂತ್ರಾಂಶ ಬರೆಯುವವರು ತಮ್ಮ ಸಾಧನಗಳನ್ನು ಪರಸ್ಪರ ಹೋಲಿಸುವಾಗ ಮೊದಲು ಅಳೆಯುವುದು ವೇಗವನ್ನು. 1990ರ ದಶಕದ ಆರಂಭದಲ್ಲಿ ಬೆಂಗಳೂರಿನ ಸಂಸ್ಥೆಗಳಿಗೆ ಉಪಗ್ರಹದ ಮೂಲಕ ದೊರೆಯುತ್ತಿದ್ದ ಸಂಪರ್ಕದ ಸಾಮರ್ಥ್ಯ ಸಾಮಾನ್ಯವಾಗಿ ಸೆಕೆಂಡಿಗೆ 64 ಕಿಲೋಬಿಟ್ ಆಗಿತ್ತು. ಬಿಟ್ ಎಂದರೆ ಸೊನ್ನೆ ಅಥವಾ ಒಂದು ಎಂಬ, ಮಾಹಿತಿಯ ಅತಿ ಚಿಕ್ಕ ಘಟಕ; ಎಂಟು ಬಿಟ್ ಸೇರಿದರೆ ಒಂದು ಬೈಟ್ ಆಗುವುದರಿಂದ, ಒಂದು ಮೆಗಾಬೈಟ್ ಕಡತ ದಾಟಲು ಎರಡು ನಿಮಿಷಕ್ಕೂ ಹೆಚ್ಚು ಕಾಲ ಬೇಕಾಗುತ್ತಿತ್ತು. ಅಲ್ಲದೆ, ಭೂಸ್ಥಿರ ಉಪಗ್ರಹ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುವುದರಿಂದ ಸಂಕೇತವು ಮೇಲೇರಿ ಇಳಿಯಲು ಕಾಲು ಸೆಕೆಂಡು ಹಿಡಿಯುತ್ತದೆ. ವಿಳಂಬವೆನ್ನುವ ಈ ಕಾಯುವಿಕೆ ಸಾಮರ್ಥ್ಯ ಹೆಚ್ಚಿಸಿದರೂ ತಗ್ಗುವುದಿಲ್ಲ.

ಬೆಂಗಳೂರಿನ ತಂತ್ರಾಂಶ ಬಡಾವಣೆಗಳಾದ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳಿಗೆ ಈಗ ಆಪ್ಟಿಕಲ್ ಫೈಬರ್ ಬಂದು ಅದೇ ಕಡತ ಕಣ್ಣು ಮಿಟುಕಿಸುವಷ್ಟರಲ್ಲಿ ತಲುಪುತ್ತದೆಯಾದರೂ, ಬಗ್, ಅಂದರೆ ಕ್ರಮವಿಧಿಯೊಳಗಿನ ದೋಷ, ಆ ಪ್ರಮಾಣದಲ್ಲಿ ಕಡಿಮೆಯಾಗಿಲ್ಲ. ವರ್ಷವನ್ನು ಎರಡೇ ಅಂಕಿಗಳಲ್ಲಿ ಬರೆದಿಟ್ಟ ಹಳೆಯ ಕ್ರಮವಿಧಿಗಳು 2000ವನ್ನು 1900 ಎಂದು ಓದಬಹುದೆಂಬ ಆತಂಕ ಎದ್ದಾಗ, ಇಲ್ಲಿನ ಸಂಸ್ಥೆಗಳಿಗೆ ಹೇರಳವಾಗಿ ಕೆಲಸ ಒದಗಿಸಿದ್ದು ನಿಧಾನ ಸಂಪರ್ಕವಲ್ಲ, ದಶಕಗಳ ಹಿಂದೆ ಯಾರೋ ಮಾಡಿದ್ದ ಆ ಎರಡಂಕಿಯ ಉಳಿತಾಯ. ವೇಗದ ಜಾಲ ದೋಷವನ್ನೂ ಅಷ್ಟೇ ವೇಗವಾಗಿ ಎಲ್ಲೆಡೆ ತಲುಪಿಸುತ್ತದೆಂಬುದನ್ನು ಹೋಲಿಕೆಯ ಉತ್ಸಾಹಿಗಳು ಮರೆಯುವುದೇ ಹೆಚ್ಚು.

ದೋಷದ ಭಯ ತಂತ್ರಾಂಶ ಸಂಸ್ಥೆಗಳಿಗಷ್ಟೇ ಸೀಮಿತವಲ್ಲ: ಬೆಂಗಳೂರಿನದೇ ಆದ ಪೀಣ್ಯದ ಕಾರ್ಖಾನೆಗಳಲ್ಲಿ ಲೋಹ ಕೊರೆಯುವ ಸಿಎನ್‌ಸಿ, ಅಂದರೆ ಗಣಕ ನಿಯಂತ್ರಿತ, ಯಂತ್ರಗಳೂ ಕ್ರಮವಿಧಿಯಿಂದಲೇ ನಡೆಯುತ್ತವೆ. ಅಲ್ಲಿ ದಶಮಾಂಶ ಬಿಂದುವೊಂದು ಸರಿದರೆ ಉಪಕರಣವೇ ಮುರಿಯಬಹುದಾದ್ದರಿಂದ, ಹೊಸ ಕ್ರಮವಿಧಿಯನ್ನು ಲೋಹವಿಡದೆ ಒಮ್ಮೆ ಖಾಲಿಯಾಗಿ ಓಡಿಸಿ ನೋಡುವುದು ರೂಢಿ.